ದತ್ತಕ: ಸಿಂಹಾಸನದಿಂದ ತೊಟ್ಟಿಲಿನವರೆಗೆ

ನನ್ನ ತರಗತಿಯಲ್ಲಿ ಕುಳಿತವರಿಗೆ ‘ದತ್ತುಪುತ್ರ’ ಎಂಬ ಪದ ಕಿತ್ತೂರಿನ ಪಾಠದೊಡನೆಯೇ ನೆನಪಾಗಬೇಕು. 1824ರಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಆತನ ದತ್ತುಪುತ್ರನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರೂ ಬ್ರಿಟಿಷರ ಮನ್ನಣೆ ದೊರೆತದ್ದು 1867ರಲ್ಲಿ. ಎರಡು ಪ್ರಸಂಗಗಳಲ್ಲಿಯೂ ಪ್ರಶ್ನೆ ರಾಜ್ಯದ್ದು. ಆ ಬಾಲಕರಿಗೆ ಬೇಕಾದುದೇನು ಎಂದು ಯಾರೂ ಕೇಳಲಿಲ್ಲ.

ಅರಮನೆಯ ಹೊರಗೂ ದತ್ತಕವಿದ್ದದ್ದು ಪಿಂಡಪ್ರದಾನಕ್ಕಾಗಿ, ವಂಶಕ್ಕಾಗಿ. ಆದುದರಿಂದ ಗಂಡುಮಗುವಿಗೇ ಮನ್ನಣೆ. ವಿಧವೆಯು ದತ್ತು ಪಡೆಯಬಹುದಾಗಿತ್ತಾದರೂ ಅದು ಗತಿಸಿದ ಪತಿಯ ಹೆಸರಿನಲ್ಲಿ. ಅವಿವಾಹಿತ ಸ್ತ್ರೀಗೆ ಶಾಸ್ತ್ರದಲ್ಲಿ ಆ ಅಧಿಕಾರವೇ ಇರಲಿಲ್ಲ. ಇದಕ್ಕೊಂದು ಸ್ವಾರಸ್ಯಕರ ಅಪವಾದವುಂಟು: ದೇವದಾಸಿಯರು ತಮ್ಮ ರೂಢಿಯಂತೆ ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತಿದ್ದರು. ಮುಂಬಯಿ ಹೈಕೋರ್ಟು 1880ರಲ್ಲಿ ಅದನ್ನು ನಿರಾಕರಿಸಿತು. ಮದ್ರಾಸಿನ ನ್ಯಾಯಾಲಯವು ಕೆಲವು ಮಿತಿಗಳೊಡನೆ ಮನ್ನಿಸಿತು. ಒಂದೇ ಸರ್ಕಾರ, ಎರಡು ನ್ಯಾಯ!

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಈ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು. ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದಾಯಿತು. ಅವಿವಾಹಿತೆಯೂ ತನ್ನದೇ ಹೆಸರಿನಲ್ಲಿ ತಾಯಿಯಾಗಬಹುದೆಂದಾಯಿತು. ಆದರೆ ಗಂಡನೊಡನೆ ಬಾಳುವ ಹೆಂಡತಿಗೆ ಸ್ವತಃ ದತ್ತು ಪಡೆಯುವ ಹಕ್ಕು ಬಂದದ್ದು 2010ರ ತಿದ್ದುಪಡಿಯಿಂದ. ಐವತ್ತನಾಲ್ಕು ವರ್ಷ! ಇತರ ಧರ್ಮೀಯರಿಗಂತೂ ಬಹುಕಾಲ 1890ರ ಪಾಲಕರ ಕಾಯಿದೆಯೊಂದೇ ಗತಿಯಾಗಿತ್ತು. ಈ ಶತಮಾನದ ಬಾಲನ್ಯಾಯ ಕಾಯಿದೆಗಳು ಎಲ್ಲ ಧರ್ಮದವರಿಗೂ ಬಾಗಿಲು ತೆರೆದವು.

ಆ ಬಾಗಿಲಿಗೆ ಈಗಲೂ ಒಂದು ವಿಚಿತ್ರವಾದ ಹೊಸ್ತಿಲಿದೆ. ಏಕಾಂಗಿಯಾದವರು ಮಗುವನ್ನು ದತ್ತು ಪಡೆಯಬಹುದು (ಏಕಾಂಗಿ ಪುರುಷನಿಗೆ ಹೆಣ್ಣುಮಗುವನ್ನು ಮಾತ್ರ ಕೊಡುವುದಿಲ್ಲ). ದಂಪತಿಗಳು ಪಡೆಯಬಹುದು; 2022ರ ನಿಯಮಾವಳಿಯಂತೆ ಅವರ ದಾಂಪತ್ಯ ಕನಿಷ್ಠ ಎರಡು ವರ್ಷ ಸ್ಥಿರವಾಗಿರಬೇಕು. ಮದುವೆಯಾಗದೆ ಜೊತೆಗಿರುವ ಇಬ್ಬರು ಮಾತ್ರ ಕೂಡಿ ಪಡೆಯುವಂತಿಲ್ಲ. ಅವರಲ್ಲೊಬ್ಬರು ಒಂಟಿಯಾಗಿ ಅರ್ಜಿ ಹಾಕಿದರೂ ಪರಿಗಣಿಸಬಾರದೆಂದು ಕೇಂದ್ರದ ದತ್ತಕ ಪ್ರಾಧಿಕಾರವು ಅದೇ ವರ್ಷ ಸುತ್ತೋಲೆ ಹೊರಡಿಸಿತು. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಇದು ಅಚ್ಚರಿಯೆನಿಸೀತು. ಅಲ್ಲಿ 2002ರ ಕಾಯಿದೆಯು ಇಂಥ ಜೋಡಿಗಳಿಗೂ ಅವಕಾಶವಿತ್ತು, 2005ರ ಡಿಸೆಂಬರ್ 30ರಂದು ಅದು ಜಾರಿಗೆ ಬಂದಿತು.

ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದದ್ದು ಸಲಿಂಗ ವಿವಾಹದ ಮೊಕದ್ದಮೆಯೊಡನೆ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ಎರಡು ವರ್ಷಗಳ ದಾಂಪತ್ಯದ ನಿಯಮ ಕಾಯಿದೆಯ ಮೇರೆಯನ್ನು ಮೀರಿದೆಯೆಂದರು. ವಿವಾಹಿತರಷ್ಟೇ ಒಳ್ಳೆಯ ಪೋಷಕರೆಂಬುದಕ್ಕೆ ಆಧಾರವಿಲ್ಲವೆಂಬುದು ಅವರ ವಾದ. ನ್ಯಾಯಮೂರ್ತಿ ಕೌಲ್ ಜೊತೆಗೂಡಿದರು. ಉಳಿದ ಮೂವರು ಒಪ್ಪಲಿಲ್ಲ. ಆ ಮೂವರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ರವೀಂದ್ರ ಭಟ್ಟರೂ ಅವಿವಾಹಿತ ಜೋಡಿಗಳನ್ನು ಅಯೋಗ್ಯರೆಂದು ಹೇಳಲಿಲ್ಲ. ಬದಲಾವಣೆ ಮಾಡಬೇಕಾದುದು ಶಾಸಕಾಂಗವೆಂದರು. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು.

ಬಹುಮತದ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಅಲ್ಪಮತದ ಕಡೆಗೇ ವಾಲುತ್ತದೆ. ಒಂಟಿಯಾಗಿದ್ದಾಗ ದತ್ತು ಪಡೆದ ಮಹಿಳೆಯೊಬ್ಬಳನ್ನು ಊಹಿಸಿಕೊಳ್ಳಿ. ಅನಂತರ ಬಂದ ಸಂಗಾತಿಯೊಬ್ಬ ಮಗುವಿಗೆ ಮಗ್ಗಿ ಕಲಿಸುತ್ತಾನೆ, ಜ್ವರ ಬಂದ ರಾತ್ರಿ ಎಚ್ಚರವಿರುತ್ತಾನೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ನಾಳೆ ಆಕೆ ತೀರಿಕೊಂಡರೆ ಆತ ನ್ಯಾಯಾಲಯಕ್ಕೆ ಹೋಗಿ ಪಾಲಕನೆನಿಸಿಕೊಳ್ಳಲು ಅರ್ಜಿ ಹಾಕಬೇಕು. ಅದು ದೊರೆತರೂ ಮಗುವಿಗೆ ಹದಿನೆಂಟು ತುಂಬಿದ ದಿನ ಮುಗಿಯುತ್ತದೆ. ಆತ ಉಯಿಲು ಬರೆಯದೆ ಹೋದರೆ ಅವನ ಆಸ್ತಿಯಲ್ಲಿ ಆ ಮಗುವಿಗೆ ಪಾಲಿಲ್ಲ.