ಅನುಭವವೆಂಬ ಸುಳ್ಳುಸಾಕ್ಷಿ: ವಿದ್ಯುಚ್ಚಿಕಿತ್ಸೆಯ ಚರಿತ್ರೆಯೂ ಮನೆಯಲ್ಲಿ ಕಟ್ಟಿದ ಉತ್ತೇಜಕಗಳ ಅಪಾಯವೂ

ಮೈಗೆ ವಿದ್ಯುತ್ತನ್ನು ಹಾಯಿಸಿ ನೋವನ್ನು ಕಳೆಯಬೇಕೆಂಬ ಆಸೆಯು ವಿದ್ಯುಚ್ಛಾಸ್ತ್ರಕ್ಕಿಂತಲೂ ಪ್ರಾಚೀನವಾದುದು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ವೈದ್ಯನಾದ ಸ್ಕ್ರಿಬೋನಿಯಸ್ ಲಾರ್ಗಸನು ತಲೆನೋವಿನವರ ನೊಂದ ಜಾಗಕ್ಕೆ ವಿದ್ಯುತ್ತಿನ ಹೊಡೆತ ಕೊಡುವ ಟಾರ್ಪಿಡೋ ಮೀನನ್ನು ಜೀವಂತವಾಗಿಯೇ ಒತ್ತಿ, ಆ ಭಾಗ ಮರಗಟ್ಟುವವರೆಗೂ ಇಡಬೇಕೆಂದು ವಿಧಿಸಿದನು. ಸಾಕೋ ಹೆಚ್ಚೋ ಎಂಬುದಕ್ಕೆ ಆಗ ರೋಗಿಯ ಅನುಭವವಲ್ಲದೆ ಬೇರೆ ಅಳತೆಗೋಲಿರಲಿಲ್ಲ. ಆ ಅಳತೆಗೋಲು ಹೇಗೆ ಸುಳ್ಳಾಯಿತೆಂಬುದನ್ನೂ, ಮನೆಯಲ್ಲಿ ಕಟ್ಟುವ ಉತ್ತೇಜಕಗಳು ಇಂದಿಗೂ ಅದನ್ನೇ ಹೇಗೆ ನೆಚ್ಚಿವೆಯೆಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1745-46ರಲ್ಲಿ ಲೀಡನ್ ಜಾಡಿ ಕೈಗೆ ಬಂದ ಮೇಲೆ ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಬಿಡುವುದು ಸಾಧ್ಯವಾಯಿತು. 1750ರ ಡಿಸೆಂಬರ್ 23ರಂದು ಬೆಂಜಮಿನ್ ಫ್ರಾಂಕ್ಲಿನ್ ಎರಡು ದೊಡ್ಡ ಜಾಡಿಗಳಿಂದ ಟರ್ಕಿಕೋಳಿಯೊಂದನ್ನು ಕೊಲ್ಲಹೊರಟು, ಒಂದು ಕೈ ಜಾಡಿಗಳ ಮೇಲಣ ತಂತಿಗಳಿಗೂ ಇನ್ನೊಂದು ಅವುಗಳ ಹೊರಮೈಗೆ ಸೇರಿದ ಸರಪಣಿಗೂ ತಗಲಿದ್ದುದರಿಂದ, ತಾನೇ ಆ ಆಘಾತಕ್ಕೆ ಸಿಕ್ಕಿದನು. ಮರುಬೆಳಗಿನವರೆಗೂ ತೋಳುಗಳೂ ಕತ್ತಿನ ಹಿಂಭಾಗವೂ ಜೋಮು ಹಿಡಿದಿದ್ದುವೆಂದೂ, ಎದೆಯೆಲುಬು ಇನ್ನೂ ನೋಯುತ್ತಿದೆಯೆಂದೂ ಎರಡು ದಿನಗಳ ತರುವಾಯ ಬರೆದ ಪತ್ರದಲ್ಲಿ ತಿಳಿಸಿದನು. ಪ್ರವಾಹವು ಕೈಯಿಂದ ಕೈಗೆ ಎದೆಯನ್ನು ಹಾದು ಹೋಗಿತ್ತೆಂಬುದಕ್ಕೆ ಆ ನೋವೇ ಗುರುತು. ಆದರೂ ಉತ್ಸಾಹವು ಕುಗ್ಗಲಿಲ್ಲ; ಧರ್ಮಪ್ರಚಾರಕನಾದ ಜಾನ್ ವೆಸ್ಲಿಯು 1760ರಲ್ಲಿ ವಿದ್ಯುಚ್ಚಿಕಿತ್ಸೆಯನ್ನು ಬಡವರಿಗೆ ಸುಲಭವಾದ ಮದ್ದೆಂದು ಹೊಗಳಿ ಒಂದು ಪುಸ್ತಕವನ್ನೇ ಹೊರತಂದನು.

1855ರಲ್ಲಿ ಫ್ರೆಂಚ್ ವೈದ್ಯ ಡ್ಯುಶೆನ್ ತನ್ನ ಗ್ರಂಥದಲ್ಲಿ ನಿರೂಪಿಸಿದ ವಿಧಾನವು ಈ ಚರಿತ್ರೆಯಲ್ಲಿ ಮುಖ್ಯವಾದುದು. ಒಣಚರ್ಮವು ಪ್ರವಾಹವನ್ನು ತಡೆಯುವುದಾದ್ದರಿಂದ, ಆತನು ಒದ್ದೆಯಾದ ಎಲೆಕ್ಟ್ರೋಡುಗಳನ್ನು ಒತ್ತಿ, ಚರ್ಮದ ಕೆಳಗಣ ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಕುಣಿಸಿದನು. ಚಿಕಿತ್ಸೆಗೆ ಬಾಗಿಲು ತೆರೆದ ಆ ತೇವವೇ ಅಪಾಯಕ್ಕೂ ಬಾಗಿಲು ತೆರೆಯಿತು.

ಅನುಭವದ ಸಾಕ್ಷ್ಯವನ್ನು ಮುರಿದದ್ದು 1899. ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ಎಂಬುವರು, ದುರ್ಬಲವಾದ ಪ್ರವಾಹವು ನಾಯಿಯ ಹೃದಯದ ಸ್ನಾಯುತಂತುಗಳನ್ನು ಲಯಗೆಡಿಸಿ ಬರಿದೆ ಅದುರುವಂತೆ ಮಾಡುವುದೆಂದೂ, ಪ್ರಬಲವಾದ ಆಘಾತವು ಆ ಅದುರನ್ನು ನಿಲ್ಲಿಸಬಲ್ಲದೆಂದೂ ತೋರಿಸಿದರು. ಅಂದಮೇಲೆ ಹೊಡೆತದ ಜೋರಿಗೂ ಪ್ರಾಣಾಪಾಯಕ್ಕೂ ನೇರವಾದ ಪ್ರಮಾಣವಿಲ್ಲ. ಮುಂದೆ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಡಾಲ್ಜಿಯಲ್, ಹಿಡಿದ ತಂತಿಯನ್ನು ಕೈಬಿಡಲಾರದೆ ಹೋಗುವ ಪ್ರವಾಹವನ್ನು ಅಳೆದು, ಅದು ಸರಾಸರಿಯಲ್ಲಿ ಪುರುಷರಿಗೆ 16 ಮಿಲಿಆಂಪಿಯರ್, ಸ್ತ್ರೀಯರಿಗೆ 10.5 ಎಂದು ಕಂಡನು.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ನೋವಿನ ದ್ವಾರಸಿದ್ಧಾಂತದಿಂದ ಚರ್ಮದ ಮೇಲೆ ಪಟ್ಟಿಯಿಟ್ಟು ನರಗಳನ್ನು ಉತ್ತೇಜಿಸುವ ಟೆನ್ಸ್ ಯಂತ್ರಗಳಿಗೆ ಶಾಸ್ತ್ರದ ಆಧಾರ ದೊರೆಯಿತು. ಅವುಗಳನ್ನು ಕಂಡು ಮನೆಯಲ್ಲೇ ಅಂಥದನ್ನು ಕಟ್ಟಹೊರಟವನು ಹಳೆಯ ಮೊಬೈಲ್ ಚಾರ್ಜರನ್ನೋ ಆಡಿಯೊ ಆಂಪ್ಲಿಫೈಯರನ್ನೋ ಮೂಲವಾಗಿ ಬಳಸಿದನೆನ್ನೋಣ. ಗೋಡೆಯ 230 ವೋಲ್ಟಿಗೂ ಅವನ ಮೈಗೂ ನಡುವೆ ಉಳಿಯುವುದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಮಾತ್ರ. ಅದು ಸೀಳಿದರೆ, ಒದ್ದೆಪಟ್ಟಿಗಳಡಿಯಲ್ಲಿ ಮೈಯ ರೋಧವು 1,000 ಓಮ್ ಎಂದಿಟ್ಟುಕೊಂಡರೂ, ಹರಿಯುವ ಪ್ರವಾಹ 230 ಮಿಲಿಆಂಪಿಯರ್. ಡಾಲ್ಜಿಯಲ್ ಪುರುಷರಲ್ಲಿ ಕಂಡ ಸರಾಸರಿಯ ಹದಿನಾಲ್ಕು ಪಟ್ಟು. ಮನೆಯ ಇಎಲ್‌ಸಿಬಿ ಕಾಪಾಡೀತೆಂಬ ಧೈರ್ಯವೂ ಪೂರ್ಣವಾಗಿ ಸಲ್ಲದು. ಅದು ಭೂಮಿಗೆ ಸೋರುವ ಪ್ರವಾಹವನ್ನು ಗುರುತಿಸುವುದೇ ಹೊರತು, ಒಂದು ಪಟ್ಟಿಯಿಂದ ಹೊಕ್ಕು ಇನ್ನೊಂದರಿಂದ ತಂತಿಗೇ ಮರಳುವ ಪ್ರವಾಹವು ಅದರ ಪಾಲಿಗೆ ಉರಿಯುವ ಬಲ್ಬಿಗೆ ಸಮಾನ. ಬ್ಯಾಟರಿಯ ಸಾಧನದಲ್ಲಿ ಈ ಭಯವಿಲ್ಲವಾದರೂ, ಒಂದೇ ದಿಕ್ಕಿನ ಪ್ರವಾಹ ಬಹುಕಾಲ ಹರಿದರೆ ಪಟ್ಟಿಗಳಡಿಯಲ್ಲಿ ಆಮ್ಲಕ್ಷಾರಗಳು ಹುಟ್ಟಿ ಚರ್ಮವು ಬೇಯುವುದುಂಟು. ಎದೆಗೆ ಅಡ್ಡಲಾಗಿ ಹಾಯಿಸುವುದಂತೂ ಎಂದಿಗೂ ಸಲ್ಲದು.

ಇಷ್ಟಾಗಿಯೂ ಅಂಥವನು ಮೊದಲ ದಿನ ಅನುಭವಿಸುವುದು ಹಿತವಾದ ಜುಮುಜುಮು ಮಾತ್ರ. ಇನ್ಸುಲೇಷನ್ ಸೀಳುವ ದಿನದ ಮುನ್ಸೂಚನೆ ಅದರಲ್ಲಿ ಇರುವುದಿಲ್ಲ. ಫ್ರಾಂಕ್ಲಿನ್ ತನ್ನ ತಪ್ಪಿಗೆ ನಾಚಿ, ಎಚ್ಚರಿಕೆಯ ಸಲುವಾಗಿ ಮಿತ್ರರೊಬ್ಬರಿಗೆ ತಿಳಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಪ್ರಚುರಪಡಿಸಬಾರದೆಂದು ಬೇಡಿದ್ದನು. ಆದರೆ ನಾಚುವುದಕ್ಕಾದರೂ ಅವನು ಬದುಕಿ ಉಳಿದಿದ್ದನು. ಅವನ ಜಾಡಿಗಳು ಒಮ್ಮೆ ಹೊಡೆದು ಬರಿದಾಗಿದ್ದುವು. ಗೋಡೆಯ ಸಾಕೆಟ್ಟು ಬರಿದಾಗುವುದಿಲ್ಲ.