ಕೆವಿಎಂ ಪರೀಕ್ಷಾ ಕೋಡ್‌ನ ಇತಿಹಾಸ

ಲಿನಕ್ಸ್ ಕರ್ನಲ್‌ನಲ್ಲಿ ವರ್ಚುವಲ್ ಮಷಿನ್‌ಗಳನ್ನು ನಡೆಸುವ ಭಾಗದ ಹೆಸರು ಕೆವಿಎಂ. ಅದನ್ನು ಪರೀಕ್ಷಿಸಲು ಮುಖ್ಯವಾಗಿ ಎರಡು ಸಂಗ್ರಹಗಳಿವೆ: ಕರ್ನಲ್‌ನ ಹೊರಗೆ ಬೆಳೆದ ‘ಕೆವಿಎಂ ಯೂನಿಟ್ ಟೆಸ್ಟ್ಸ್’ ಮತ್ತು ಕರ್ನಲ್‌ನ ಮೂಲ ಕೋಡಿನಲ್ಲೇ ಇರುವ ‘ಕೆವಿಎಂ ಸೆಲ್ಫ್‌ಟೆಸ್ಟ್ಸ್’. ಇವೆರಡೂ ಒಂದೇ ಎಂದೋ, ಎರಡನೆಯದು ಮೊದಲನೆಯದರ ಹೊಸ ಆವೃತ್ತಿ ಎಂದೋ ತಿಳಿಯುವುದು ಸಾಮಾನ್ಯ. ಎರಡೂ ತಿಳಿವಳಿಕೆ ತಪ್ಪು. ಅವು ಹುಟ್ಟಿದ ಕಾರಣ ಬೇರೆ, ಹಿಡಿಯುವ ದೋಷಗಳು ಬೇರೆ. ಇಂದಿಗೂ ಎರಡೂ ಬಳಕೆಯಲ್ಲಿವೆ.

ಇಸ್ರೇಲಿನ ಕುಮ್ರಾನೆಟ್ ಕಂಪನಿಯಲ್ಲಿ ಅವಿ ಕಿವಿಟಿ ರೂಪಿಸಿದ ಕೆವಿಎಂ 2006ರ ಅಕ್ಟೋಬರ್‌ನಲ್ಲಿ ಹೊರಬಿತ್ತು. 2007ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 2.6.20ರಲ್ಲಿ ಅದು ಸೇರಿತು. 2008ರಲ್ಲಿ ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡುಕೊಂಡಿತು.

ಯೂನಿಟ್ ಟೆಸ್ಟ್ಸ್‌ನ ಆರಂಭದ ಪರೀಕ್ಷೆಗಳು ಕೆವಿಎಂನ ಯೂಸರ್‌ಸ್ಪೇಸ್ ಕೋಡಿನ ಒಂದು ಫೋಲ್ಡರಿನಲ್ಲಿದ್ದವು; ಪ್ರತ್ಯೇಕ ಭಂಡಾರವಾದದ್ದು ಆಮೇಲೆ. ಆದ್ದರಿಂದ ಭಂಡಾರ ಬೇರ್ಪಟ್ಟ ಕಾಲವನ್ನೇ ಈ ಸಂಗ್ರಹದ ಹುಟ್ಟು ಎಂದು ಹಿಡಿದರೆ ಅದರ ಮೊದಲ ವರ್ಷಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಇಲ್ಲಿನ ಪ್ರತಿ ಪರೀಕ್ಷೆಯೂ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ. ಕ್ಯೂಎಮು ಎಂಬ ಎಮ್ಯುಲೇಟರ್ ಅದನ್ನು ಬೂಟ್ ಮಾಡುತ್ತದೆ. ಸಾಮಾನ್ಯವಾಗಿ ಸಿ ಮತ್ತು ಅಸೆಂಬ್ಲಿಯ ಕೆಲವು ಹತ್ತು ಸಾಲುಗಳಷ್ಟೇ ಓಡಿ, ಪ್ರೊಸೆಸರ್‌ನ ಒಂದು ನಡವಳಿಕೆ ನಿಜವಾದ ಯಂತ್ರದಲ್ಲಿರುವಂತೆಯೇ ಇದೆಯೇ ಎಂದು ನೋಡಿ ಮುಗಿಯುತ್ತವೆ.

ಮುಗಿದ ಮೇಲೆ ಫಲಿತಾಂಶ ಹೊರಗೆ ತಿಳಿಯಬೇಕಲ್ಲ, ಎಕ್ಸ್86ರಲ್ಲಿ ಅದಕ್ಕೊಂದು ಉಪಾಯವಿದೆ. ಪರೀಕ್ಷೆ 0ಎಕ್ಸ್‌ಎಫ್4 ಎಂಬ ಪೋರ್ಟಿಗೆ ಒಂದು ಸಂಖ್ಯೆ ಬರೆಯುತ್ತದೆ. ಕ್ಯೂಎಮು ಅದನ್ನು ಇಮ್ಮಡಿಸಿ, ಒಂದು ಕೂಡಿಸಿ, ತನ್ನ ನಿರ್ಗಮನ ಸಂಖ್ಯೆಯಾಗಿ ಹಿಂದಿರುಗಿಸುತ್ತದೆ. ಪರೀಕ್ಷೆ ಗೆದ್ದಾಗ ಬರೆಯುವುದು ಸೊನ್ನೆ, ಹೊರಬರುವುದು 1. ತೊಡಕು ಇರುವುದು ಇಲ್ಲೇ: ಕ್ಯೂಎಮು ಶುರುವಾಗದೆ ಸೋತರೂ ಹೊರಬರುವುದು 1! ಗೆಲುವನ್ನೂ ಸೋಲನ್ನೂ ಬೇರ್ಪಡಿಸಲು ಪರೀಕ್ಷೆ ನಡೆಸುವ ಸ್ಕ್ರಿಪ್ಟು ಕ್ಯೂಎಮುವಿನ ದೋಷ ಸಂದೇಶಗಳನ್ನೂ ನೋಡಬೇಕಾಯಿತು. ಇಂಥ ಸಣ್ಣ ಶೆಲ್ ಸಾಲುಗಳನ್ನು ಸರಿಯಾಗಿ ಇಟ್ಟುಕೊಂಡು ಬಂದದ್ದೂ ಪರೀಕ್ಷೆ ಬರೆದಷ್ಟೇ ದೊಡ್ಡ ಕೆಲಸ. ಅದು ತಪ್ಪಿದರೆ ಉಳಿದ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ.

2013ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ, ವರ್ಚುವಲ್ ಮಷಿನ್‌ನೊಳಗೆ ಇನ್ನೊಂದು ವರ್ಚುವಲ್ ಮಷಿನ್ ನಡೆಸುವ ನೆಸ್ಟೆಡ್ ವಿಎಂಎಕ್ಸ್‌ಗೆ ಪರೀಕ್ಷೆಗಳು ಬಂದವು. 2014ರಲ್ಲಿ ಆರ್ಮ್, ಮುಂದೆ ಪವರ್ ಮತ್ತು ಎಸ್390ಎಕ್ಸ್ ಪ್ರೊಸೆಸರ್‌ಗಳಿಗೂ ಸಂಗ್ರಹ ಹಬ್ಬಿತು.

ಈ ವಿಧಾನಕ್ಕೆ ಒಂದು ಮಿತಿಯಿತ್ತು. ಪರೀಕ್ಷೆ ಗೆಸ್ಟ್‌ನ (ಅಂದರೆ ವರ್ಚುವಲ್ ಮಷಿನ್‌ನ) ಒಳಗಿರುತ್ತದೆ, ಕರ್ನಲ್‌ನೊಂದಿಗೆ ಮಾತಾಡುವುದು ಕ್ಯೂಎಮು. ಕ್ಯೂಎಮು ಎಂದೂ ಮಾಡದ ಕರೆಯನ್ನು, ಬೇಕೆಂದೇ ತಪ್ಪಾಗಿ ಕೊಟ್ಟ ಆರ್ಗ್ಯುಮೆಂಟನ್ನು, ನಡುವೆ ನಿಲ್ಲಿಸಿದ ಯಂತ್ರದ ಸ್ಥಿತಿಯನ್ನು ತೆಗೆದು ಹೊಸ ಯಂತ್ರಕ್ಕೆ ತುಂಬುವುದನ್ನು ಹೀಗೆ ಪರೀಕ್ಷಿಸಲಾಗುತ್ತಿರಲಿಲ್ಲ. ಈ ಕೊರತೆ ತುಂಬಿದ್ದು 2018ರ ಲಿನಕ್ಸ್ 4.17ರಲ್ಲಿ ಬಂದ ಸೆಲ್ಫ್‌ಟೆಸ್ಟ್ಸ್. ಮೂಲ ಕೋಡ್ ಕೊಟ್ಟದ್ದು ಗೂಗಲ್. ಕರ್ನಲ್‌ಗೆ ಹೊಂದುವಂತೆ ಶುಚಿಗೊಳಿಸಿ ಸೇರಿಸಿದವರು ಕೆವಿಎಂ ಮೇಂಟೇನರ್ ಪಾವೊಲೊ ಬೊಂಝಿನಿ. ಇಲ್ಲಿ ಕ್ಯೂಎಮು ಬೇಕಿಲ್ಲ: ಪರೀಕ್ಷೆಯೇ ವರ್ಚುವಲ್ ಮಷಿನ್ ಕಟ್ಟುತ್ತದೆ, ತನ್ನದೇ ಪ್ರೋಗ್ರಾಂ ಫೈಲನ್ನು ಅದರ ಮೆಮೊರಿಗೆ ತುಂಬಿ ಓಡಿಸುತ್ತದೆ.

ಹೋಸ್ಟ್ (ವರ್ಚುವಲ್ ಮಷಿನ್ ನಡೆಸುವ ಯಂತ್ರ) ಮತ್ತು ಗೆಸ್ಟ್ ಎರಡಕ್ಕೂ ಒಂದೇ ಫೈಲ್ ಆದದ್ದರಿಂದ ಬರೆಯುವುದು ಸುಲಭವಾಯಿತು, ನಿರ್ವಹಣೆ ಕಷ್ಟವಾಯಿತು. ಗೆಸ್ಟ್‌ನಲ್ಲಿ ಸಿ ಲೈಬ್ರರಿ ಇರುವುದಿಲ್ಲ. ಆದರೂ ಕಂಪೈಲರ್ ತನ್ನಷ್ಟಕ್ಕೆ ಮೆಮ್‌ಕಾಪಿ, ಮೆಮ್‌ಸೆಟ್‌ನಂಥ ಲೈಬ್ರರಿ ಫಂಕ್ಷನ್‌ಗಳಿಗೆ ಕರೆ ಸೇರಿಸಬಲ್ಲದು. ಅಲ್ಲಿಗೆ ಗೆಸ್ಟ್ ಬಿದ್ದಂತೆಯೇ. 2022ರಲ್ಲಿ ಈ ಫಂಕ್ಷನ್‌ಗಳನ್ನು ಸಂಗ್ರಹದೊಳಗೇ ಹೊಸದಾಗಿ ಬರೆಯಲಾಯಿತು. 2024ರಲ್ಲಿ ಇದೇ ಬಗೆಯ ಇನ್ನೊಂದು ತೊಂದರೆ ಎದುರಾಯಿತು: ಕೆಲವು ಲಿನಕ್ಸ್ ವಿತರಣೆಗಳ ಕಂಪೈಲರ್‌ಗಳು ಗೆಸ್ಟ್ ಸಕ್ರಿಯಗೊಳಿಸದ ಎವಿಎಕ್ಸ್ ಸೂಚನೆಗಳನ್ನು ಬಳಸತೊಡಗಿದ್ದವು. ಹಳೆಯ ಮಟ್ಟದ ಸೂಚನೆಗಳಿಗೇ ನಿಲ್ಲುವಂತೆ ಬಿಲ್ಡ್ ಆಯ್ಕೆಗಳನ್ನು ಬಿಗಿಗೊಳಿಸಬೇಕಾಯಿತು. ಎರಡು ಸಂದರ್ಭದಲ್ಲೂ ದೋಷ ಕೆವಿಎಂನದ್ದಲ್ಲ, ಪರೀಕ್ಷೆಯದ್ದು.

ಈ ಇತಿಹಾಸದ ನಿಜವಾದ ತಿರುವು 2022ರ ಮಧ್ಯದ್ದು, ಹೊಸ ಪರೀಕ್ಷೆಯೊಂದು ಬಂದದ್ದಲ್ಲ. ಅಲ್ಲಿಯವರೆಗೆ ಸೆಲ್ಫ್‌ಟೆಸ್ಟ್ಸ್‌ನ ಪ್ರತಿ ಪರೀಕ್ಷೆಯೂ ವರ್ಚುವಲ್ ಸಿಪಿಯುವಿಗೆ ತನಗೆ ತೋಚಿದ ಕ್ರಮಸಂಖ್ಯೆ ಕೊಟ್ಟು, ಪ್ರತಿ ಕರೆಯಲ್ಲೂ ಆ ಸಂಖ್ಯೆಯಿಂದಲೇ ಅದನ್ನು ಹುಡುಕಿಸುತ್ತಿತ್ತು. ಗೂಗಲ್‌ನ ಶಾನ್ ಕ್ರಿಸ್ಟೋಫರ್‌ಸನ್ ನೂರಕ್ಕೂ ಹೆಚ್ಚು ಪ್ಯಾಚ್‌ಗಳ ಒಂದೇ ಸರಣಿಯಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿ, ಸಿಪಿಯುವಿನ ಪಾಯಿಂಟರನ್ನೇ ನೇರವಾಗಿ ಕೊಡುವಂತೆ ಮಾಡಿದರು. ಸರಣಿ ಲಿನಕ್ಸ್ 6.0ರಲ್ಲಿ ಸೇರಿತು. ಬಳಕೆದಾರರಿಗೆ ಇದರಿಂದ ಏನೂ ಬದಲಾಗಲಿಲ್ಲ, ಹಾಗಾಗಿ ಬಿಡುಗಡೆಯ ಸುದ್ದಿಗಳಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ. ಆದರೆ ಹಲವು ಕೈಗಳಿಂದ ಬಂದು ರಾಶಿಬಿದ್ದಿದ್ದ ಪರೀಕ್ಷೆಗಳು ಒಂದೇ ಶಿಸ್ತಿಗೆ ಬಂದದ್ದು ಈ ಸರಣಿಯಿಂದಲೇ.

2023ರಲ್ಲಿ ಎಕ್ಸ್86 ಕೆವಿಎಂಗೆ ಪ್ಯಾಚ್ ಕಳಿಸುವವರಿಗಾಗಿ ಒಂದು ಮಾರ್ಗದರ್ಶಿ ಕರ್ನಲ್‌ನ ದಾಖಲೆಗಳಲ್ಲಿ ಸೇರಿತು. ಕಾಮೆಂಟ್ ಮಾತ್ರ ತಿದ್ದುವಂಥ ಪ್ಯಾಚ್‌ಗಳನ್ನು ಬಿಟ್ಟು ಉಳಿದ ಎಲ್ಲಕ್ಕೂ ಎರಡೂ ಸಂಗ್ರಹಗಳನ್ನು ಓಡಿಸಿ ಪಾಸಾಗಿಸುವುದನ್ನು ಅದು ಕಡ್ಡಾಯ ಮಾಡಿದೆ. ಹೊಸ ಹಾರ್ಡ್‌ವೇರ್ ಸೌಲಭ್ಯ ಸೇರಿಸುವವರು ತಪ್ಪು ಬಳಕೆಗೆ ಸರಿಯಾದ ದೋಷ ಬರುತ್ತದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ಕೊಡಲೇಬೇಕು; ವರ್ಚುವಲ್ ಮಷಿನ್ ಸುಮ್ಮನೆ ಓಡಿದರೆ ದೋಷದ ಆ ದಾರಿಗಳನ್ನು ಅದು ಮುಟ್ಟುವುದು ಅಪರೂಪ ಎಂಬ ಕಾರಣವನ್ನೂ ಮಾರ್ಗದರ್ಶಿ ಕೊಡುತ್ತದೆ.