ಮದ್ರಾಸು ಸೀಮೆಯ ಶೇಂಗಾ: ಬರ, ಬೀಜ, ಸತು

ದಕ್ಷಿಣ ಅಮೆರಿಕ ಮೂಲದ ಶೇಂಗಾ ಮದ್ರಾಸು ಪ್ರಾಂತದಲ್ಲಿ ದೊಡ್ಡ ವ್ಯಾಪಾರದ ಬೆಳೆಯಾದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳಿಗೆ ಕಾಳು ಬೇಕಿತ್ತು. ದಕ್ಷಿಣ ಆರ್ಕಾಟಿನ ಕೆಂಪು ಹೊಲಗಳ ಫಸಲು ಪಾಂಡಿಚೇರಿ, ಕಡಲೂರು, ಮದ್ರಾಸುಗಳಿಂದ ಹಡಗು ಹತ್ತುತ್ತಿತ್ತು.

ಈ ಬೆಳೆ ಹಬ್ಬಿದ್ದು ಮಳೆಯನ್ನೇ ನಂಬಿದ ನೆಲದಲ್ಲಿ. 1876–78ರ ಮಹಾಕ್ಷಾಮ ಆ ನೆಲದ ಸ್ಥಿತಿಯನ್ನು ಬಯಲಿಗೆಳೆದಿತ್ತು. ಆಗ ಮದ್ರಾಸಿಗೇ ಸೇರಿದ್ದ ಬಳ್ಳಾರಿ ಜಿಲ್ಲೆ ಅಪಾರ ಜನರನ್ನು ಕಳೆದುಕೊಂಡಿತು.

ಶತಮಾನದ ಕೊನೆಗೆ ಶೇಂಗಾ ಕುಸಿಯಿತು. ಮಳೆ ಕೈಕೊಟ್ಟಿತು, ರೋಗ ಬಿತ್ತು, ಹಳೆಯ ಬೀಜ ಸತ್ವ ಕಳೆದುಕೊಂಡಿತು. ಹೊರಗಿನಿಂದ ತರಿಸಿದ ‘ಮಾರಿಷಸ್’ ಬೀಜ ಬೆಳೆಯನ್ನು ಮತ್ತೆ ನಿಲ್ಲಿಸಿತು. ಅಲ್ಲಿಂದ ಮುಂದೆ ಮದ್ರಾಸು ಕೃಷಿ ಇಲಾಖೆ ಬರಕ್ಕೆ ಉತ್ತರವನ್ನು ಬೀಜದಲ್ಲಿ ಹುಡುಕಿತು. ಗುಡಿಯಾತ್ತಂ ಕಡೆಯ ಗೊಂಚಲು ಜಾತಿಯಿಂದ ಆರಿಸಿ 1940ರಲ್ಲಿ ತಿಂಡಿವನಂ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಟಿ.ಎಂ.ವಿ. 2 ಈ ಹುಡುಕಾಟದ ದೊಡ್ಡ ಫಲ. ಸುಮಾರು 105 ದಿನಗಳಲ್ಲಿ ಮಾಗುವ ಈ ತಳಿ, ಮಳೆ ಹಿಂದೆ ಸರಿಯುವ ಮುನ್ನವೇ ಕೀಳಲು ಬರುತ್ತದೆ. ಚಳ್ಳಕೆರೆ, ಪಾವಗಡ, ಬಳ್ಳಾರಿಗಳ ರೈತರು ದಶಕಗಳ ಕಾಲ ಅದನ್ನೇ ಬಿತ್ತಿದರು. ಹೊಸ ತಳಿಗಳು ಬಂದ ಮೇಲೂ ಅದು ಹೊಲ ಬಿಡಲಿಲ್ಲ. ಒಣಭೂಮಿಗೆ ಇಷ್ಟು ದೀರ್ಘಕಾಲ ದುಡಿದ ಇನ್ನೊಂದು ಶೇಂಗಾ ತಳಿಯನ್ನು ಹೆಸರಿಸುವುದು ಕಷ್ಟ.

ಶೇಂಗಾಕ್ಕೆ ಬರ ಹೆಚ್ಚು ಪೆಟ್ಟು ಕೊಡುವುದು ಹೂ ಬಿಟ್ಟ ಮೇಲೆ. ಹೂವಿನ ಬುಡದಿಂದ ಹೊರಟ ಸೂಜಿಯಂಥ ಎಳೆ ಮಣ್ಣಿಗೆ ಇಳಿದರಷ್ಟೇ ಕಾಯಿ ಕಟ್ಟುತ್ತದೆ. ಒಣಗಿ ಗಟ್ಟಿಯಾದ ಕೆಂಪು ಮಣ್ಣನ್ನು ಅದು ಚುಚ್ಚಲಾರದು. ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರುವುದರಿಂದ, ತೇವ ಆರಿದರೆ ಕಾಳು ಜೊಳ್ಳಾಗುತ್ತದೆ. ಕೊಯ್ಲಿನ ಹೊತ್ತಿನ ಬರದಲ್ಲಿ ಅಫ್ಲಟಾಕ್ಸಿನ್ ವಿಷದ ಬೂಷ್ಟೂ ಸೇರಿಕೊಳ್ಳುತ್ತದೆ.

ಟಿ.ಎಂ.ವಿ. 2 ಹಬ್ಬಿದ ಆ ದಶಕಗಳಲ್ಲಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಕೊರತೆ ಮಣ್ಣಿನೊಳಗಿತ್ತು: ಸತುವಿನ (ಜಿಂಕ್) ಕೊರತೆ. ಗಿಡಗಳಿಗೆ ಸತು ಅನಿವಾರ್ಯವೆಂದು ಪ್ರಯೋಗಶಾಲೆಯಲ್ಲಿ ಸಿದ್ಧವಾದದ್ದು 1926ರಲ್ಲಿ. ಭಾರತದ ಹೊಲಕ್ಕೆ ಆ ತಿಳಿವಳಿಕೆ ಇಳಿಯಲು ನಾಲ್ಕು ದಶಕ ಹಿಡಿಯಿತು: 1966ರಲ್ಲಿ ಪಂತನಗರದ ಕೃಷಿ ವಿಜ್ಞಾನಿ ವೈ.ಎಲ್. ನೆನೆ ಭತ್ತದ ‘ಖೈರಾ’ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಗುರುತಿಸಿದರು. ಮರುವರ್ಷ ಲಘು ಪೋಷಕಾಂಶಗಳ ಅಖಿಲ ಭಾರತ ಯೋಜನೆ ಆರಂಭವಾಯಿತು. ಮುಂದಿನ ಮಣ್ಣು ಪರೀಕ್ಷೆಗಳಲ್ಲಿ ತಮಿಳುನಾಡಿನ ಅರ್ಧಕ್ಕಿಂತ ಹೆಚ್ಚು ಮಾದರಿಗಳಲ್ಲಿ ಸತು ಸಾಲದೆ ಕಂಡುಬಂತು.

ಬರಕ್ಕೂ ಈ ಕೊರತೆಗೂ ಹತ್ತಿರದ ನಂಟಿದೆ. ಸತು ಬೇರನ್ನು ಮುಟ್ಟುವುದು ಮಣ್ಣಿನ ತೇವದಲ್ಲಿ ನಿಧಾನವಾಗಿ ಹರಡಿಕೊಂಡು. ತೇವ ಆರಿದಂತೆ ಆ ದಾರಿ ಮುಚ್ಚುತ್ತದೆ. ಬಾಯಾರಿದ ಗಿಡಕ್ಕೆ ಸತು ಹೆಚ್ಚು ಬೇಕಾಗುವುದೂ ಆಗಲೇ. ಬರದಲ್ಲಿ ಜೀವಕೋಶಗಳನ್ನು ಸುಡುವ ಆಮ್ಲಜನಕ ಕಣಗಳನ್ನು ತಣಿಸುವ ಕಿಣ್ವವೊಂದಕ್ಕೆ, ಬೇರಿನ ಬೆಳವಣಿಗೆಗೆ ಬೇಕಾದ ಆಕ್ಸಿನ್ ತಯಾರಿಗೆ ಸತು ಬೇಕು. ಸತು ನೀರಿಗೆ ಬದಲಿಯಲ್ಲ. ಇದ್ದಷ್ಟು ತೇವವನ್ನು ಗಿಡ ಚೆನ್ನಾಗಿ ಬಳಸಲು ಅದು ನೆರವಾಗುತ್ತದೆ, ತೀವ್ರ ಬರದಲ್ಲಿ ಆ ನೆರವೂ ಸೋಲುತ್ತದೆ.

ಕೊರತೆಯಿರುವ ಹೊಲಕ್ಕೆ ಬಿತ್ತನೆಯ ಹೊತ್ತಿಗೆ ಹೆಕ್ಟೇರಿಗೆ 25 ಕಿಲೋ ಜಿಂಕ್ ಸಲ್ಫೇಟ್ ಹಾಕುವುದು ಇಂದಿನ ಸಾಮಾನ್ಯ ಶಿಫಾರಸು. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಅದು ಬೇಗ ಹಿಡಿದುಬೀಳುವುದರಿಂದ ಎಲೆಗೆ ಸಿಂಪಡಿಸುವುದೂ ಉಂಟು. ರಂಜಕದ ಗೊಬ್ಬರದೊಂದಿಗೆ ಅದನ್ನು ಬೆರೆಸುವುದಿಲ್ಲ, ಎರಡೂ ಸೇರಿದರೆ ಸತು ಗಿಡಕ್ಕೆ ಸರಿಯಾಗಿ ದಕ್ಕದು.